ಟಿಟ್ಟಿಭದ ಹೊಲದ ಪಕ್ಕ ಇಟ್ಟ ಎಡೆ

ಬ್ರಿಟನ್ನಿನ ನ್ಯಾಷನಲ್ ಪಾರ್ಕುಗಳಿಗೆ ಗೇಟಿಲ್ಲ, ಟಿಕೆಟ್ಟಿಲ್ಲ, ಸಫಾರಿ ಜೀಪಿಲ್ಲ. ಅಲ್ಲಿ ನ್ಯಾಷನಲ್ ಪಾರ್ಕ್ ಎಂದರೆ ಗುಡ್ಡ, ಕೆರೆ, ಕಲ್ಲು ಪೇರಿಸಿ ಕಟ್ಟಿದ ಗೋಡೆ, ಗೋಡೆಯೊಳಗೆ ಕುರಿ, ನಡುನಡುವೆ ಜನ ಸಂಸಾರ ಮಾಡಿಕೊಂಡಿರುವ ಊರುಗಳು. ಇದು ಗೊತ್ತಿಲ್ಲದೆ ಕರಪತ್ರ ಬರೆದವಳು ನಾನು. ಮಲ್ಲೇಶ್ವರದ ನಮ್ಮ ಟ್ರಾವೆಲ್ಸ್ ಆಫೀಸಿನಲ್ಲಿ ಕೂತು ‘ಎರಡು ನ್ಯಾಷನಲ್ ಪಾರ್ಕ್, ಎರಡು ಮೃಗಾಲಯ, ಒಂದು ಪಕ್ಷಿಧಾಮ, ಹನ್ನೊಂದು ದಿನ’ ಎಂದು ಬರೆಯುವಾಗ ನನ್ನ ತಲೆಯಲ್ಲಿ ಇದ್ದದ್ದು ಬಂಡೀಪುರ. ಸಾಲದ್ದಕ್ಕೆ ಜೀಪಿನಲ್ಲಿ ನಿಂತು ಬೈನಾಕ್ಯುಲರ್ ಹಿಡಿದವರ ಚಿತ್ರ ಬೇರೆ ಹಾಕಿಸಿದ್ದೆ. ಆ ತಪ್ಪಿಗೆ ಹದಿನಾರು ಮಂದಿ ಪ್ರವಾಸಿಗರೂ ನಮ್ಮ ಮಾಲೀಕರೂ ನನ್ನನ್ನು ಹೊಟ್ಟೆತುಂಬ ಬೈದರು. ನಾನೀಗ ಬರೆಯಲು ಕೂತಿರುವುದು ಯಾರೂ ಬೈಯದೇ ಹೋದ ಇನ್ನೊಂದು ತಪ್ಪಿನ ಬಗ್ಗೆ.

ನಾನು ಟೂರ್ ಮ್ಯಾನೇಜರ್. ಗುಂಪಿನ ಜೊತೆ ಹೋಗಿ, ಗುಂಪಿನ ಜೊತೆ ವಾಪಸ್ಸು ಬರುವುದು ನನ್ನ ಕೆಲಸ. ಹೊರಡುವ ಎಂಟು ದಿನ ಮೊದಲು ಎಲ್ಲರನ್ನೂ ಒಂದು ಸಣ್ಣ ಹಾಲಿನಲ್ಲಿ ಸೇರಿಸಿ ಸಭೆ ಮಾಡುವುದು ನಮ್ಮ ಪದ್ಧತಿ. ಮೇ ತಿಂಗಳಾದರೂ ಸ್ವೆಟರ್ ಬೇಕು, ತುಪ್ಪ ಮತ್ತು ಹಾಲಿನ ಸಿಹಿ ಒಯ್ಯುವಂತಿಲ್ಲ, ಮಾತ್ರೆಗಳಿಗೆ ಡಾಕ್ಟರ ಚೀಟಿ ಇರಬೇಕು, ಕೋಚ್ ಹೊರಡುವ ಹೊತ್ತಿಗೆ ಯಾರೂ ಶೌಚಾಲಯ ಹುಡುಕಿಕೊಂಡು ಹೋಗಬಾರದು, ಹೀಗೆ ಒಂದೊಂದನ್ನೇ ಹೇಳುತ್ತೇನೆ. ಕೊನೆಗೆ ಒಂದು ಫಾರ್ಮು ತುಂಬಿಸುತ್ತೇನೆ. ಶುಗರ್ ಇದೆಯೇ, ಬಿ.ಪಿ. ಇದೆಯೇ, ಮಂಡಿ ನೋವೇ, ಏಕಾದಶಿ ಮಾಡುತ್ತೀರಾ, ಈರುಳ್ಳಿ ಬೆಳ್ಳುಳ್ಳಿ ನಡೆಯುತ್ತದೆಯೇ. ಇಷ್ಟೆಲ್ಲ ಕೇಳಿದ ಮೇಲೆ ಇನ್ನೇನೂ ಉಳಿದಿಲ್ಲವೆಂಬ ಜಂಬ ನನಗಿತ್ತು.

ಆ ದಿನ ಸಭೆ ಮುಗಿದ ಮೇಲೂ ಒಬ್ಬರು ಕುರ್ಚಿ ಬಿಟ್ಟು ಏಳಲಿಲ್ಲ. ವೈಯಾಲಿಕಾವಲ್‌ನವರು, ಎಪ್ಪತ್ತು ದಾಟಿದವರು, ತರಕಾರಿ ಮಂಡಿ ನಡೆಸಿ ಈಗ ಮಕ್ಕಳಿಗೆ ಬಿಟ್ಟುಕೊಟ್ಟವರು. ಅವರ ಬೀದಿಯಲ್ಲಿ ಎಲ್ಲರೂ ಯಜಮಾನರು ಎಂದೇ ಕರೆಯುತ್ತಿದ್ದರು. ನಾನೂ ಹಾಗೆಯೇ ಕರೆದೆ. ಅವರ ಕೈಯಲ್ಲಿ ಮಡಿಚಿದ ಪಂಚಾಂಗವಿತ್ತು.

“ಟೂರಿನ ಐದನೇ ದಿನ ನಮ್ಮನೆಯೋಳ ತಿಥಿ ಬೀಳ್ತೈತೆ ಮೇಡಂ. ವರ್ಷದ್ದು. ಹುಡುಗ್ರು ಇಂಗ್ಲಿಷ್ ತಾರೀಖು ನೋಡಿ ಬುಕ್ ಮಾಡ್ಬಿಟ್ಟವ್ರೆ. ಮನೇಲಿ ದೊಡ್ಡೋನು ಮಾಡ್ತಾನೆ, ಸರಿ. ಆದ್ರೆ ನಾನೂ ಒಂದು ಹಿಡಿ ಎಡೆ ಇಡ್ಬೇಕು. ಅಲ್ಲಿ ಕಾಗೆ ಸಿಗ್ತೈತಾ?”

ನನಗೆ ನಗು ಬಂತು. ಕಾಗೆ ಎಲ್ಲಿಲ್ಲ ಯಜಮಾನ್ರೇ, ಸಿಗುತ್ತೆ ಬಿಡಿ, ಅಂದೆ. ಅವರು ನಗಲಿಲ್ಲ. ನಿಧಾನವಾಗಿ ಹೇಳಿದರು. ಹೋದ ವರ್ಷ ಒಂದು ಬೆಳಿಗ್ಗೆ ಹೆಂಡತಿ ಎದೆ ಹಿಡಿದಂತಾಗುತ್ತಿದೆ ಅಂದಿದ್ದರು. ಮಂಡಿಯಲ್ಲಿ ಹುರುಳಿಕಾಯಿ ಲಾರಿ ನಿಂತಿತ್ತು. ಲೋಡು ಇಳಿಸಿ ಬಂದುಬಿಡುತ್ತೇನೆ ಎಂದು ಇವರು ಹೋದರು. ಬರುವಷ್ಟರಲ್ಲಿ ಆಕೆ ಅಡುಗೆಮನೆಯ ನೆಲದ ಮೇಲೆ ಇದ್ದರು. ಹನ್ನೊಂದನೆಯ ದಿನ ತಾರಸಿಯ ಮೇಲೆ ಎಡೆ ಇಟ್ಟರೆ ಕಾಗೆ ಬಂದು ಗೋಡೆಯ ಮೇಲೆ ಕೂತಿತು, ನೋಡಿತು, ಮುಟ್ಟಲಿಲ್ಲ. ಎರಡು ಗಂಟೆ ಕಾದು ಕೊನೆಗೆ ಹಸುವಿಗೆ ಹಾಕಿದರು. ಕೆಳಗೆ ಊಟಕ್ಕೆ ಕೂತ ನೆಂಟರು ಪಿಸುಗುಟ್ಟಿದ್ದು ಇವರ ಕಿವಿಗೆ ಬಿತ್ತು. ಅಂದಿನಿಂದ ನಿದ್ದೆ ಹೋಯಿತು. ಅಪ್ಪನಿಗೆ ಹವಾ ಬದಲಾಗಲಿ ಎಂದೇ ಮಕ್ಕಳು ಈ ಪ್ರವಾಸಕ್ಕೆ ಹಾಕಿದ್ದರು.

“ಅವ್ಳು ಸಿಟ್ಟಲ್ಲೇ ಹೋದ್ಲು ಕಣಮ್ಮ. ಈ ಸಲನಾದ್ರೂ ಮುಟ್ಬೇಕು.”

ನಾನು ಕಾಗೆ, ಗಿಣಿ ಇವನ್ನೆಲ್ಲ ಅಷ್ಟಾಗಿ ನಂಬುವವಳಲ್ಲ. ಆದರೆ ಆ ಮನುಷ್ಯನ ಮುಖ ನೋಡಿ ನಂಬುವುದಿಲ್ಲ ಎನ್ನಲು ಬಾಯಿ ಬರಲಿಲ್ಲ. ಒಂದು ವ್ಯವಸ್ಥೆ ಮಾಡೋಣ ಅಂದೆ. ಈ ವ್ಯವಸ್ಥೆ ಎಂಬ ಪದವನ್ನು ನಮ್ಮ ಕಸುಬಿನವರು ಉಪ್ಪಿನ ಹಾಗೆ ಎಲ್ಲದಕ್ಕೂ ಹಾಕುತ್ತೇವೆ.

ಇನ್ನೊಂದು ತೊಡಕಿತ್ತು. ತಿಥಿಯನ್ನು ಬೆಂಗಳೂರಿನ ಗಡಿಯಾರದಲ್ಲಿ ಹಿಡಿಯಬೇಕೋ ಇಂಗ್ಲೆಂಡಿನ ಗಡಿಯಾರದಲ್ಲೋ? ಯಜಮಾನರು ತಮ್ಮ ಬೀದಿಯ ಪುರೋಹಿತರನ್ನು ಕೇಳಿಕೊಂಡು ಬಂದರು. ನಿಂತ ನೆಲದಲ್ಲಿ ಸೂರ್ಯ ಹುಟ್ಟಿದಾಗ ಯಾವ ತಿಥಿ ಇರುತ್ತದೋ ಅದೇ ಎಂದು ಅವರು ಅಪ್ಪಣೆ ಕೊಟ್ಟಿದ್ದರು. ನಾನು ನನ್ನ ದಿನಚರಿಯ ಐದನೇ ದಿನದ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ‘ಕಾಗೆ’ ಎಂದು ಬರೆದುಕೊಂಡೆ.

ಮೂರನೇ ದಿನ ಲೇಕ್ ಡಿಸ್ಟ್ರಿಕ್ಟ್ ತಲುಪಿದೆವು. ಕೋಚು ಒಂದು ಕೆರೆಯ ದಂಡೆಯಲ್ಲಿ ನಿಂತಿತು. ಎಲ್ಲರೂ ಇಳಿದು, ಫೋಟೋ ತೆಗೆಸಿಕೊಂಡು, ಸ್ವೆಟರಿನ ಗುಂಡಿ ಹಾಕಿಕೊಂಡು ನನ್ನ ಮುಖ ನೋಡಿದರು. ಬಸವನಗುಡಿಯ ಒಬ್ಬರು ಈ ಪಾರ್ಕಿನ ಗೇಟು ಎಷ್ಟು ದೂರ ಎಂದು ಕೇಳಿದರು. ಎರಡು ಗಂಟೆಯಿಂದ ನಾವು ಪಾರ್ಕಿನ ಒಳಗೇ ಇದ್ದೇವೆ ಎಂದು ಡ್ರೈವರ್ ನನಗೆ ಇಂಗ್ಲಿಷಿನಲ್ಲಿ ಹೇಳಿದ. ಅದನ್ನು ಕನ್ನಡಕ್ಕೆ ತಂದದ್ದೇ ತಡ, ಶುರುವಾಯಿತು. ಕುರಿ ನೋಡುವುದಕ್ಕೆ ಇಷ್ಟು ದೂರ ಬರಬೇಕಿತ್ತೇ, ಕುಣಿಗಲ್ ರಸ್ತೆಯಲ್ಲಿ ಕಾರು ನಿಲ್ಲಿಸಿದ್ದರೆ ಸಾಲದಿತ್ತೇ ಎಂದರು. ಕರಪತ್ರವನ್ನು ಬ್ಯಾಗಿನಿಂದ ತೆಗೆದು ಜೀಪನ್ನು ಬೆರಳಿಟ್ಟು ತೋರಿಸಿದರು. ಮರುದಿನ ಮೃಗಾಲಯದಲ್ಲಿ ಹುಲಿ ಕಂಡರೆ ತಣ್ಣಗಾಗುತ್ತಾರೆ ಎಂದುಕೊಂಡಿದ್ದೆ. ಅಲ್ಲಿಯ ಹುಲಿಗೆ ಒಂದು ಸಣ್ಣ ಕಾಡನ್ನೇ ಬಿಟ್ಟುಕೊಟ್ಟಿದ್ದಾರೆ. ಅದು ಹುಲ್ಲಿನಲ್ಲಿ ಮಲಗಿ ಮುಕ್ಕಾಲು ಗಂಟೆ ಬರಿಯ ಬಾಲ ತೋರಿಸಿತು. ಮೈಸೂರಿನ ಹುಲಿ ಇದಕ್ಕಿಂತ ಮರ್ಯಾದಸ್ಥ ಎಂಬ ತೀರ್ಮಾನಕ್ಕೆ ಗುಂಪು ಬಂತು.

ಈ ಗಲಾಟೆಯಲ್ಲಿ ನನ್ನ ಕಡೆಗಿದ್ದವರು ಇಬ್ಬರೇ. ಒಬ್ಬರು ಯಜಮಾನರು. ಅವರಿಗೆ ಪಾರ್ಕೂ ಬೇಕಿರಲಿಲ್ಲ, ಹುಲಿಯೂ ಬೇಕಿರಲಿಲ್ಲ. ಇನ್ನೊಬ್ಬ ಡ್ರೈವರ್. ಅರವತ್ತು ದಾಟಿದ, ಬಾಗಿಲಲ್ಲಿ ತಲೆ ತಗ್ಗಿಸಿ ಬರಬೇಕಾದಷ್ಟು ಉದ್ದದ ಮನುಷ್ಯ. ಎರಡನೇ ದಿನಕ್ಕೇ ನನ್ನಿಂದ ಒಂದು ಪದ ಕಲಿತು, ಕೋಚಿನ ಬಾಗಿಲಲ್ಲಿ ನಿಂತು “ಹತ್ರಿ, ಹತ್ರಿ” ಎಂದು ಎಲ್ಲರನ್ನೂ ಹತ್ತಿಸುತ್ತಿದ್ದ. ಯಜಮಾನರು ಮುಂದಿನ ಸೀಟಿನಲ್ಲೇ ಕೂರುತ್ತಿದ್ದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬಾರದು. ಆದರೂ ಮೊಮ್ಮಕ್ಕಳ ಫೋಟೋ ತೋರಿಸಿಕೊಂಡರು, ದಾರಿ ಬದಿಯ ಅಂಗಡಿಯಲ್ಲಿ ಈರುಳ್ಳಿ ಕೈಗೆತ್ತಿಕೊಂಡು ಮೂಗು ಮುರಿದರು. ಪಕ್ಕದ ಪಟ್ಟಣದ ಭಾರತೀಯ ಹೋಟೆಲಿನಿಂದ ನಮಗೆ ದಿನವೂ ಮಧ್ಯಾಹ್ನಕ್ಕೆ ಚಿತ್ರಾನ್ನದ ಡಬ್ಬಿಗಳು ಬರುತ್ತಿದ್ದವು. ಡ್ರೈವರಿಗೂ ಒಂದು ಡಬ್ಬಿ ಕೊಡಿ ಎಂದು ಹೇಳಿದವರು ಯಜಮಾನರೇ. ಅವನು ಬೆವರುತ್ತ, ಕಣ್ಣೊರೆಸಿಕೊಳ್ಳುತ್ತ, ಮುಕ್ಕಾಲು ಭಾಗ ತಿನ್ನುತ್ತಿದ್ದ.

ಐದನೇ ದಿನ ಬೆಳಿಗ್ಗೆ ಎಂಟಕ್ಕೆ ಡಬ್ಬಿಗಳು ಬಂದವು. ಯಜಮಾನರು ತಣ್ಣೀರು ಸ್ನಾನ ಮಾಡಿ ಪಂಚೆ ಉಟ್ಟು, ಮೇಲೆ ಸ್ವೆಟರ್ ಹಾಕಿ ಹೋಟೆಲಿನ ಹಿತ್ತಲಿಗೆ ಬಂದರು. ಬೆಂಗಳೂರಿನಿಂದ ಮುತ್ತುಗದ ಎಲೆ ತಂದಿದ್ದರು. ಅದರ ಮೇಲೆ ಚಿತ್ರಾನ್ನ, ಸ್ವಲ್ಪ ಬೆಣ್ಣೆ, ಹೋಟೆಲಿನ ತಿಂಡಿ ಮೇಜಿನಿಂದ ತಂದ ಬೇಯಿಸಿದ ಮೊಟ್ಟೆ ಇಟ್ಟರು. ಆಕೆಗೆ ಮೊಟ್ಟೆ ಇಷ್ಟವಂತೆ. ತಗ್ಗು ಗೋಡೆಯ ಮೇಲಿಟ್ಟು ಕೈ ಮುಗಿದು ನಿಂತೆವು. ಒಂದೂ ಕಾಗೆ ಇಲ್ಲ. ಎಲ್ಲಿಂದಲೋ ಬಿಳಿಯ ದೊಡ್ಡ ಕಡಲಹಕ್ಕಿಯೊಂದು ಬಂದು ಮೊಟ್ಟೆಯನ್ನು ಕಚ್ಚಿಕೊಂಡು ಹೋಯಿತು. ಯಜಮಾನರು ನನ್ನ ಕಡೆ ತಿರುಗಿದರು. ಅದು ಲೆಕ್ಕಕ್ಕಿಲ್ಲ ಎಂದು ನಾನೇ ಹೇಳಬೇಕಾಯಿತು. ಅವರು ಎಲೆ ಒರೆಸಿ ಮಡಿಚಿ, ಉಳಿದ ಅನ್ನದ ಡಬ್ಬಿಯನ್ನೂ ಇನ್ನೊಂದು ಮೊಟ್ಟೆಯನ್ನೂ ಚೀಲಕ್ಕೆ ಹಾಕಿಕೊಂಡರು. ಕಾಗೆ ಮುಟ್ಟುವವರೆಗೆ ತಾನು ಬಾಯಿಗೆ ಏನೂ ಹಾಕುವುದಿಲ್ಲ ಎಂದರು. ಅಭ್ಯಾಸಬಲದಿಂದ ಶುಗರ್ ಮಾತ್ರೆ ಮಾತ್ರ ನುಂಗಿಬಿಟ್ಟಿದ್ದರು. ಅದು ನನಗೆ ಆಮೇಲೆ ಗೊತ್ತಾಯಿತು.

ಅಂದಿನ ಕಾರ್ಯಕ್ರಮ ಪಕ್ಷಿಧಾಮ. ಹೆಸರು ಬೇಡ. ಸಣ್ಣದು, ಊರಿನ ಕೆಲವರು ಸೇರಿ ನೋಡಿಕೊಳ್ಳುವಂಥದು. ಬಾಗಿಲಲ್ಲಿ ಅದರ ಮೇಲ್ವಿಚಾರಕಿ ಕಾದಿದ್ದಳು. ಐವತ್ತೈದರ ಹೆಂಗಸು, ಕೆಸರು ಬೂಟು, ಕುತ್ತಿಗೆಯಲ್ಲಿ ಬೈನಾಕ್ಯುಲರ್. ದೂರದಿಂದ ಬಂದವರೆಂದು ನಮಗಾಗಿ ಒಂದು ಗಂಟೆ ಮೊದಲೇ ಬಾಗಿಲು ತೆಗೆದಿದ್ದಳು. ಅವಳು ನಿಯಮಗಳನ್ನು ಒಂದೊಂದಾಗಿ ಹೇಳಿದಳು, ನಾನು ಒಂದೊಂದಾಗಿ ಕನ್ನಡಕ್ಕೆ ತಂದೆ. ಎಂಟೆಂಟು ಜನರಾಗಿ ಒಳಗೆ ಹೋಗಬೇಕು. ಹೈಡ್ ಎಂದು ಕರೆಯುವ ಮರದ ಕೋಣೆಯ ಕಿಂಡಿಯಿಂದಲೇ ನೋಡಬೇಕು. ಮಾತಾಡಬಾರದು. ತಿನ್ನುವ ಪದಾರ್ಥ ಒಂದು ಕಾಳೂ ಕೋಚಿನಿಂದ ಹೊರಗೆ ಬರಬಾರದು.

ಕಾರಣವನ್ನೂ ಹೇಳಿದಳು. ಹೈಡಿನ ಮುಂದಿನ ಒದ್ದೆ ಹೊಲದಲ್ಲಿ ಟಿಟ್ಟಿಭ ಹಕ್ಕಿಯ ಜೋಡಿ ನೆಲದ ಮೇಲೆ ಗೂಡು ಮಾಡಿ ನಾಲ್ಕು ಮರಿ ಎಬ್ಬಿಸಿತ್ತು. ಆ ಹೊಲದಲ್ಲಿ ಮರಿ ಆಗದೆ ಬಹಳ ವರ್ಷವಾಗಿತ್ತಂತೆ. ನರಿ ಬರದಂತೆ ಸುತ್ತ ವಿದ್ಯುತ್ ತಂತಿ ಕಟ್ಟಿದ್ದರು. ಅವಳು ಆಕಾಶ ತೋರಿಸಿ, ಕಾಗೆಗೆ ಮಾತ್ರ ಕಟ್ಟುವ ತಂತಿ ಇಲ್ಲ, ಅನ್ನ ಕಂಡರೆ ಅವು ಗುಂಪಾಗಿ ಇಳಿಯುತ್ತವೆ, ಇಳಿದರೆ ಮರಿ ಕಾಣುತ್ತದೆ ಎಂದಳು. ಇದನ್ನೂ ನಾನೇ ಕನ್ನಡದಲ್ಲಿ ಹೇಳಿದೆ. ನಾನು ಹೇಳದೆ ಬಿಟ್ಟಿದ್ದೆ, ತಪ್ಪಾಗಿ ಹೇಳಿದ್ದೆ ಎನ್ನಲು ದಾರಿಯಿಲ್ಲ. ಯಜಮಾನರು ಮಾತ್ರ ಆಗ ಕೇಳಿಸಿಕೊಳ್ಳುತ್ತಿರಲಿಲ್ಲ. ಬೇಲಿಯಾಚೆಯ ಒಣಮರ ನೋಡುತ್ತಿದ್ದರು. ಅದರ ಮೇಲೆ ಮೂರು ಕಾಗೆ ಇದ್ದವು.

ಮೊದಲ ಎಂಟು ಜನ ಹೈಡಿನೊಳಗೆ ಹೋದರು, ಮೇಲ್ವಿಚಾರಕಿಯೂ ಹೋದಳು. ಡ್ರೈವರ್ ಕೋಚಿನಲ್ಲಿ ಕೂತಿದ್ದ. ಉಳಿದವರನ್ನು ನಾನು ಹೊರಗಿನ ಬೆಂಚುಗಳ ಮೇಲೆ ಕೂರಿಸಿದೆ. ಯಜಮಾನರು ಕೂರಲಿಲ್ಲ, ಚೀಲ ಹೆಗಲಿಗೆ ಹಾಕಿಕೊಂಡೇ ನಿಂತಿದ್ದರು. ಆ ತಣ್ಣನೆ ಗಾಳಿಯಲ್ಲಿ ಅವರ ಹಣೆ ಬೆವರುತ್ತಿತ್ತು, ಕೈ ನಡುಗುತ್ತಿತ್ತು. ಶುಗರ್ ಇಳಿದಾಗ ಮನುಷ್ಯ ಹೇಗೆ ಕಾಣುತ್ತಾನೆಂದು ನನಗೆ ಚೆನ್ನಾಗಿ ಗೊತ್ತು. ಬ್ಯಾಗಿನಿಂದ ಚಾಕೊಲೇಟ್ ತೆಗೆದು ಕೊಟ್ಟೆ. ಬಾಯಿಗೆ ಹಾಕಿ ಯಜಮಾನ್ರೇ, ಬಿದ್ದುಬಿಡುತ್ತೀರಿ ಎಂದು ಗದರಿದೆ. ಅವರು ತಲೆಯಾಡಿಸಿ ಮರದ ಕಡೆ ಕೈ ತೋರಿಸಿದರು.

“ಅಗೋ, ಅಲ್ಲೇ ಕೂತೈತೆ. ಬೆಳಿಗ್ಗೆಯಿಂದ ಅದುಕ್ಕೇ ಕಾಯ್ತಿವ್ನಿ. ಒಂದ್ ಹಿಡಿ ಇಟ್ಬಿಡ್ತೀನಿ ಕಣಮ್ಮ. ಒಂದೇ ಹಿಡಿ.”

ಆ ಎರಡು ನಿಮಿಷ ನನ್ನ ತಲೆಯಲ್ಲಿ ಏನೇನು ಓಡಿತೆಂದು ಆಮೇಲೆ ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ಈ ಮನುಷ್ಯ ಬಿದ್ದರೆ ಆಂಬುಲೆನ್ಸು, ಆಸ್ಪತ್ರೆ, ಬೆಂಗಳೂರಿಗೆ ಫೋನು. ಇನ್ನೊಂದು ಕಡೆ, ಎದುರಿಗಿದ್ದದ್ದು ಒಂದು ಹೊಲ ಮತ್ತು ನಾನು ಕಣ್ಣಿಂದ ನೋಡಿಯೂ ಇರದ ನಾಲ್ಕು ಮರಿ. ಮಲ್ಲೇಶ್ವರದಲ್ಲಿ ಯಾರ ಮನೆಯ ತಾರಸಿಗಾದರೂ ಹೋಗಿ ಅನ್ನ ಇಟ್ಟರೆ ಯಾರೂ ಏನೂ ಕೇಳುವುದಿಲ್ಲ. ಹಕ್ಕಿಗೆ ಅನ್ನ ಹಾಕುವುದು ನಮ್ಮಲ್ಲಿ ತಪ್ಪಾದದ್ದು ಯಾವಾಗ? ನನ್ನೊಳಗೆ ಮಾತಾಡಿದ್ದು ಈ ಧೈರ್ಯ. ಬೇಗ ಇಡಿ ಅಂದೆ. ಹೈಡಿನ ಹಿಂಬದಿಯಲ್ಲಿ, ಬೇಲಿಯ ಬುಡದಲ್ಲಿ, ಒಳಗಿನವರಿಗೆ ಕಾಣದ ಜಾಗ ತೋರಿಸಿದವಳೂ ನಾನೇ.

ಅವರು ಎಲೆ ಬಿಡಿಸಿ ಅನ್ನ ಇಟ್ಟರು, ಮೊಟ್ಟೆ ಇಟ್ಟರು, ನೀರು ಸುತ್ತಿಸಿ ಹಿಂದೆ ಸರಿದು ನಿಂತರು. ಕಾಗೆ ಇಳಿಯಿತು. ಕತ್ತಿನ ಸುತ್ತ ಬೂದು ಬಣ್ಣವಿಲ್ಲದ, ಪೂರಾ ಕರಿ ಕಾಗೆ. ಎರಡು ಹೆಜ್ಜೆ ಕುಪ್ಪಳಿಸಿ, ತಲೆ ಓರೆ ಮಾಡಿ ನೋಡಿ, ಅನ್ನ ಮುಟ್ಟಿತು. ಇನ್ನೊಂದು ಸಲ ಮುಟ್ಟಿತು. ಮೊಟ್ಟೆ ಒಡೆದು ತಿಂದಿತು. ಯಜಮಾನರು ಸ್ವೆಟರಿನ ತೋಳಿನಿಂದ ಬಾಯಿ ಮುಚ್ಚಿಕೊಂಡು ಅತ್ತರು. ನನಗೂ ಕಣ್ಣು ತುಂಬಿತು, ಸುಳ್ಳು ಯಾಕೆ ಹೇಳಲಿ. ನನ್ನ ಕೆಲಸದಲ್ಲಿ ಯಾರಿಗಾದರೂ ಅವರು ಹುಡುಕಿಕೊಂಡು ಬಂದದ್ದನ್ನೇ ನಾನು ತೋರಿಸಿಕೊಟ್ಟದ್ದು ಅದೇ ಮೊದಲು ಎಂದುಕೊಂಡೆ.

ಆಮೇಲೆ ಅವರು ಚಾಕೊಲೇಟ್ ತಿಂದರು, ಜ್ಯೂಸ್ ಕುಡಿದರು, ಮುಖಕ್ಕೆ ಕಳೆ ಬಂತು. ಅಷ್ಟರಲ್ಲಿ ಬೇಲಿಯ ಬುಡದಲ್ಲಿ ಆರೇಳು ಕಾಗೆ ಸೇರಿದ್ದವು. ನಾನು ಹುಷ್ ಎಂದು ಓಡಿಸಿ, ಎಲೆ ಮಡಿಚಿ ಬ್ಯಾಗಿಗೆ ಹಾಕಿಕೊಂಡೆ. ಹುಲ್ಲಿನೊಳಗೆ ಚೆಲ್ಲಿದ ಅನ್ನ ಆಯಲು ಬಗ್ಗಿದೆ. ಹುಲ್ಲು ದಟ್ಟವಾಗಿತ್ತು, ಹೈಡಿನ ಬಾಗಿಲು ತೆರೆದ ಸದ್ದಾಯಿತು, ಬಿಟ್ಟು ಎದ್ದೆ. ಎರಡನೇ ತಂಡದ ಜೊತೆ ನಾನೂ ಒಳಗೆ ಹೋಗಿ ಕಿಂಡಿಯಿಂದ ನೋಡಿದೆ. ತಲೆಯ ಮೇಲೆ ಉದ್ದ ಜುಟ್ಟಿನ ತಾಯಿ ಹಕ್ಕಿ ಹುಲ್ಲಿನಲ್ಲಿ ನಿಂತಿತ್ತು. ಅದರ ಕಾಲ ಬಳಿ ಮರಿಗಳು, ನಡೆದಾಡುವ ಉಣ್ಣೆಯ ಉಂಡೆಗಳು. ಮೇಲ್ವಿಚಾರಕಿ ನನ್ನ ತೋಳು ಹಿಡಿದು ಒಂದು, ಎರಡು, ಮೂರು, ನಾಲ್ಕು ಎಂದು ಬೆರಳು ಮಡಿಚಿ ತೋರಿಸಿದಳು.

ಮರುದಿನ ಎರಡನೆಯ ಮೃಗಾಲಯದಲ್ಲಿ, ನಮ್ಮವರು ಆನೆಯ ಮುಂದೆ ಗುಂಪು ಫೋಟೋಕ್ಕೆ ನಿಂತಿದ್ದಾಗ ನನ್ನ ಫೋನು ಬಡಿಯಿತು. ಮೇಲ್ವಿಚಾರಕಿ. ಹಿಂದಿನ ದಿನ ನಾವು ಹೊರಟ ಮೇಲೆ ಕಾಗೆಗಳ ಗುಂಪು ಹೈಡಿನ ಹಿಂದಿನಿಂದ ಹೊಲಕ್ಕೆ ನಡೆದು ಬಂದದ್ದು ಕ್ಯಾಮೆರಾದಲ್ಲಿದೆ, ಸಂಜೆಯೊಳಗೆ ನಾಲ್ಕೂ ಮರಿ ಹೋದವು ಎಂದಳು. ತಾಯಿ ಹಕ್ಕಿ ಬೆಳಿಗ್ಗೆಯೂ ಹೊಲದ ಮೇಲೆ ಕೂಗುತ್ತ ಸುತ್ತುತ್ತಿತ್ತಂತೆ. ಹೈಡಿನ ಹಿಂದೆ ಹಳದಿ ಅನ್ನ ಸಿಕ್ಕಿದೆ, ನಿಮ್ಮವರು ಯಾರಾದರೂ ಹಾಕಿದರೇ ಎಂದು ಕೇಳಿದಳು. ಸಿಟ್ಟಿನ ದನಿಯಲ್ಲ. ಗೊತ್ತಾಗಬೇಕಷ್ಟೇ ಎನ್ನುವ ದನಿ. ನಾನು ಎಲ್ಲರನ್ನೂ ವಿಚಾರಿಸಿದ್ದೇನೆ, ಯಾರೂ ಹಾಕಿಲ್ಲ ಅಂದೆ. ವಿಚಾರಿಸಲು ಒಂದು ನಿಮಿಷವೂ ತೆಗೆದುಕೊಳ್ಳದೆ ಹೇಳಿಬಿಟ್ಟಿದ್ದೆ.

ಈ ಸುಳ್ಳು ನನ್ನ ಹತ್ತಿರವೇ ಇದ್ದಿದ್ದರೆ ಹೇಗೋ ಹೊತ್ತುಕೊಳ್ಳಬಹುದಿತ್ತು. ಆದರೆ ಕೋಚು ನಿಲ್ಲಿಸಿದ್ದ ಜಾಗದ ಬೇಲಿಯ ಕೆಳಗೂ ಅದೇ ಹಳದಿ ಅನ್ನ ಅವಳಿಗೆ ಸಿಕ್ಕಿತ್ತು. ಕೋಚ್ ಕಂಪನಿಯವರು ಡ್ರೈವರನ್ನು ಕೇಳಿದರು. ಅವನು ಏಳನೇ ದಿನ ಬೆಳಿಗ್ಗೆ ಸಾಮಾನು ತುಂಬುತ್ತ ತಾನಾಗಿ ನನ್ನ ಹತ್ತಿರ ಬಂದು ಹೇಳಿಕೊಂಡ. ಖಾರ ತಾಳದೆ ಡಬ್ಬಿಯಲ್ಲಿ ಉಳಿದದ್ದನ್ನು ಬೇಲಿಯ ಕಡೆ ಕೊಡವಿದ್ದು ನಿಜವಂತೆ. ಕೇಳಿದಾಗ ಇದ್ದದ್ದು ಇದ್ದ ಹಾಗೆ ಒಪ್ಪಿಕೊಂಡನಂತೆ. ಅಲ್ಲಿಗೆ ಬಂದ ಕಾಗೆಗಳೇ ಅನ್ನ ಕಚ್ಚಿಕೊಂಡು ಹೈಡಿನ ಹಿಂದಕ್ಕೆ, ಅಲ್ಲಿಂದ ಹೊಲಕ್ಕೆ ಹೋಗಿರಬೇಕು, ನನ್ನಿಂದಲೇ ಆಯಿತು ಎಂದ. ಆ ಹೊಲ ಅವನ ಊರಿನ ಹತ್ತಿರದ್ದೇ, ಮೊಮ್ಮಗಳನ್ನು ಭಾನುವಾರ ಕರೆದುಕೊಂಡು ಹೋಗುತ್ತಿದ್ದ. ನಾನು ಸೂಟ್‌ಕೇಸುಗಳನ್ನು ಎಣಿಸುತ್ತಿದ್ದೆ. ಹದಿನೇಳು ಇದ್ದವು, ಸರಿಯಾಗಿತ್ತು. ಇನ್ನು ಬಾಗಿಲು ಹಾಕಬಹುದು ಎಂದಷ್ಟೇ ಅವನಿಗೆ ಹೇಳಿದೆ.

ಎಂಟನೇ ದಿನ ಬೇರೆ ಡ್ರೈವರ್ ಬಂದ. ಆ ಉದ್ದನೆಯವರು ಎಲ್ಲಿ ಎಂದು ಯಜಮಾನರು ಕೇಳಿದರು. ಡ್ಯೂಟಿ ಬದಲಾಯಿತು ಎಂದೆ. ಅವರು ಊರಿನಿಂದ ತಂದಿದ್ದ ಚನ್ನಪಟ್ಟಣದ ಮರದ ಬುಗುರಿಯನ್ನು ಅವನ ಮೊಮ್ಮಗಳಿಗೆ ಕೊಡಬೇಕೆಂದಿದ್ದರಂತೆ. ಉಳಿದ ದಿನಗಳಲ್ಲಿ ಅವರು ಕೋಚಿನಲ್ಲಿ ಗೊರಕೆ ಹೊಡೆದರು. ವರ್ಷದ ನಿದ್ದೆಯೆಲ್ಲ ಒಟ್ಟಿಗೆ ಬಂತೇನೋ ಎಂದು ಗುಂಪಿನವರು ಛೇಡಿಸಿದರು.

ಆಫೀಸಿಗೆ ಬಂದು ಪ್ರವಾಸದ ವರದಿ ಬರೆದೆ. ದೂರುಗಳ ಜಾಗದಲ್ಲಿ ನ್ಯಾಷನಲ್ ಪಾರ್ಕಿನ ಗೇಟಿನ ವಿಷಯ ಬರೆದೆ. ಎರಡು ವಾರದ ಮೇಲೆ ಅಲ್ಲಿಯ ಏಜೆಂಟರಿಂದ ಮಾಲೀಕರಿಗೆ ಪತ್ರ ಬಂತು. ಪಕ್ಷಿಧಾಮದ ಘಟನೆಗೆ ಕಾರಣನಾದ ಡ್ರೈವರನ್ನು ಪ್ರವಾಸಿ ಗುಂಪುಗಳ ಕೆಲಸದಿಂದ ತೆಗೆಯಲಾಗಿದೆ, ನಿಮಗಾದ ಮುಜುಗರಕ್ಕೆ ವಿಷಾದಿಸುತ್ತೇವೆ ಎಂದು ಅದರಲ್ಲಿತ್ತು. ನಮಗಾದ ಮುಜುಗರ! ಮಾಲೀಕರು ಅದನ್ನು ಖುಷಿಯಿಂದ ಓದಿ ಹೇಳಿದರು. ನಾನು ಬಾಗಿಲು ಹಾಕಿಕೊಂಡು ಬಂದು ನಡೆದದ್ದನ್ನೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಮುಗಿದ್ಹೋದ ವಿಷ್ಯ ಯಾಕೆ ಕೆದಕ್ತೀರಾ?”

ನಾನು ಬಿಡಲಿಲ್ಲ. ಬರೆಯಲೇಬೇಕೆಂದೆ. ಹಾಗಾದರೆ ಅನ್ನ ಇಟ್ಟವರ ಸಹಿ ಇರುವ ಹೇಳಿಕೆ ಬೇಕು, ಬರಿಯ ನಿಮ್ಮ ಮಾತಿಗೆ ಕಂಪನಿಯ ಹೆಸರು ಹಾಳುಮಾಡಲಾರೆ ಎಂದರು. ನಾನು ಹೋಗುವುದಿಲ್ಲ ಎಂದೇ ಹಾಗೆ ಹೇಳಿದ್ದು. ನಾನು ಹೋದೆ.

ವೈಯಾಲಿಕಾವಲ್‌ನ ಆ ಮನೆಯಲ್ಲಿ ಮಧ್ಯಾಹ್ನ ಮೂರು ಗಂಟೆಗೆ ಯಜಮಾನರು ಮಲಗಿದ್ದರು. ದೊಡ್ಡ ಸೊಸೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂತಳು. ಮಾವ ಈಗ ಹೊತ್ತಿಗೆ ಸರಿಯಾಗಿ ಉಣ್ಣುತ್ತಾರೆ, ನಿದ್ದೆ ಮಾಡುತ್ತಾರೆ, ಬೀದಿಯಲ್ಲಿ ಸಿಕ್ಕಿದವರಿಗೆಲ್ಲ ಇಂಗ್ಲೆಂಡಿನ ಕಾಗೆಯ ಕಥೆ ಹೇಳುತ್ತಾರೆ ಎಂದಳು. ನಿಮ್ಮಿಂದ ದೊಡ್ಡ ಉಪಕಾರವಾಯಿತು ಎಂದಳು. ನಾನು ಕಾಫಿ ಕುಡಿದು ಲೋಟ ಕೆಳಗಿಟ್ಟು, ಎದ್ದು ಹೋಗಿಬಿಡೋಣ ಎಂದುಕೊಂಡೆ. ಅಷ್ಟರಲ್ಲಿ ಅವರು ಎದ್ದು ಬಂದರು, ನನ್ನನ್ನು ಕಂಡು ಮುಖ ಅರಳಿಸಿದರು. ಸೊಸೆ ಒಳಗೆ ಹೋದಳು.

ಇಬ್ಬರೇ ಇದ್ದಾಗ ಹೇಳಿದೆ. ಮರಿಗಳ ವಿಷಯ, ನನ್ನ ಸುಳ್ಳು, ಡ್ರೈವರ್. ಅದು ನನ್ನ ತಪ್ಪು, ಜಾಗ ತೋರಿಸಿದವಳು ನಾನು, ನಿಮ್ಮದೇನೂ ಇಲ್ಲ ಎಂದು ಮೂರು ಸಲ ಹೇಳಿದೆ. ಅವರು ಎಷ್ಟು ಮರಿ ಎಂದು ಮಾತ್ರ ಕೇಳಿದರು. ನಾಲ್ಕು ಎಂದೆ. ಅದೇ ಕಾಗೆಯಾ ಎಂದರು. ಅದೇ ಗುಂಪು ಎಂದೆ. ಕಾಗದ ಕೊಡು ಎಂದು ಇಸಿದುಕೊಂಡು, ಓದದೆಯೇ, ದೊಡ್ಡ ಅಕ್ಷರದಲ್ಲಿ ಸಹಿ ಹಾಕಿದರು. ಆ ಉದ್ದನೆ ಮನುಷ್ಯ ನನ್ನ ಪಾಪ ಹೊರುವುದು ಬೇಡ ಎಂದರು. ಪೆನ್ನಿಗೆ ಮುಚ್ಚಳ ಹಾಕಿ ವಾಪಸ್ಸು ಕೊಟ್ಟರು.

“ನಮ್ಮನೆಯೋಳು ಒಂದು ಕೋಳಿಮರಿ ಮೇಲೂ ಯಾರ್ನೂ ಕೈ ಹಾಕಕ್ ಬಿಡ್ತಿರ್ಲಿಲ್ಲ. ಹಂಗಾದ್ರೆ ಅವತ್ತು ಬಂದಿದ್ದು ಅವ್ಳಲ್ಲ.”

ಹಾಗಲ್ಲ ಯಜಮಾನ್ರೇ ಎಂದು ನಾನು ಏನೇನೋ ಹೇಳಿದೆ. ಕಾಗೆಯನ್ನು ನಂಬದವಳು ಕಾಗೆಯ ಪರವಾಗಿ ವಾದ ಮಾಡಿದೆ. ಅವರು ಸರಿ ಸರಿ ಎಂದು ತಲೆಯಾಡಿಸಿ, ಗೇಟಿನವರೆಗೆ ಬಂದು ಕಳಿಸಿಕೊಟ್ಟರು.

ಹೇಳಿಕೆಯನ್ನು ಇಂಗ್ಲಿಷಿಗೆ ಮಾಡಿ, ನನ್ನ ತಪ್ಪೊಪ್ಪಿಗೆಯನ್ನೂ ಸೇರಿಸಿ ಕಳಿಸಿದೆವು. ಮೂರು ವಾರದ ಮೇಲೆ ಏಜೆಂಟರ ಉತ್ತರ ಬಂತು, ನಾಲ್ಕು ಸಾಲು. ಪ್ರಾಮಾಣಿಕತೆಗೆ ಧನ್ಯವಾದ. ಆ ಡ್ರೈವರ್ ಅಷ್ಟರಲ್ಲಿ ತಾನಾಗಿಯೇ ಕೆಲಸ ಬಿಟ್ಟಿದ್ದಾನೆ. ಕೋಚ್ ಕಂಪನಿಯಲ್ಲಿ ಕಡತ ಮುಚ್ಚಿದೆ, ಮತ್ತೆ ತೆರೆಯುವುದರಿಂದ ಯಾರಿಗೂ ಉಪಯೋಗವಿಲ್ಲ. ಪಕ್ಷಿಧಾಮದವರು ಇನ್ನು ಮುಂದೆ ಗುಂಪುಗಳನ್ನು ತೆಗೆದುಕೊಳ್ಳುವುದಿಲ್ಲವಾದ್ದರಿಂದ ಅವರಿಗೂ ತಿಳಿಸುತ್ತಿಲ್ಲ. ಡ್ರೈವರಿನ ವಿಳಾಸ ಕೇಳಿ ಮತ್ತೆ ಬರೆದೆ. ಕೊಡಲು ನಿಯಮವಿಲ್ಲ ಎಂದರು. ಮಾಲೀಕರು ಯಜಮಾನರ ಸಹಿಯಿದ್ದ ಹಾಳೆಯನ್ನು ಫೈಲಿಗೆ ಸೇರಿಸಿ, ಈಗ ಸಮಾಧಾನವಾಯಿತೇ ಎಂದು ಕೇಳಿದರು. ಅವರು ವ್ಯಂಗ್ಯ ಮಾಡಲಿಲ್ಲ. ನಿಜವಾಗಿ ಕೇಳಿದ್ದು. ಅದು ನನಗೆ ಇನ್ನೂ ಕಹಿಯೆನಿಸಿತು.

ಈ ವರ್ಷ ಮೇ ತಿಂಗಳಲ್ಲಿ ಒಂದು ಬೆಳಿಗ್ಗೆ ಯಜಮಾನರ ಸೊಸೆಯ ಫೋನು ಬಂತು. ಅತ್ತೆಯ ತಿಥಿ, ಮನೆಯಲ್ಲಿ ಅಡುಗೆಯೆಲ್ಲ ಆಗಿದೆ, ಮಾವ ತಾರಸಿಗೆ ಬರಲು ಒಪ್ಪುತ್ತಿಲ್ಲ ಎಂದಳು. ಯಾರು ಇಟ್ಟರೂ ಅಷ್ಟೇ, ನಾನು ಇನ್ನು ಯಾವತ್ತೂ ಎಡೆ ಇಡುವುದಿಲ್ಲ ಎನ್ನುತ್ತಿದ್ದಾರಂತೆ. ಕಾರಣ ಕೇಳಿದರೆ ಟೂರಿನ ಮೇಡಂಗೆ ಗೊತ್ತು ಎಂದರಂತೆ. ನಾನು ಅವತ್ತು ಅವರ ಮನೆಗೆ ಯಾಕೆ ಬಂದಿದ್ದೆ, ಏನು ಹೇಳಿದೆ ಎಂದು ಎಲ್ಲವನ್ನೂ ಹೇಳಿದೆ.

“ಅವ್ರಿಗೆ ಯಾಕೆ ಹೇಳಿದ್ರಿ ಮೇಡಂ? ಒಂದು ತಿಂಗಳು ಎಷ್ಟು ನೆಮ್ಮದಿಯಾಗಿದ್ರು.”

ನನ್ನ ತಪ್ಪಿಗೆ ಬೇರೊಬ್ಬ ಮನುಷ್ಯನ ಮೇಲೆ ಬಂದ ಅಪವಾದ ಹೋಗಲಿ ಎಂದು ಹೇಳಿದೆ ಅಂದೆ.

“ಹೋಯ್ತಾ?”

“ಇಲ್ಲ,” ಅಂದೆ.